ಗೋಡೆಗೆ ಜ್ವರ ಬಂದರೆ ಮನೆಮಂದಿಗೆ ನಿದ್ದೆ ಎಲ್ಲಿ?

ಏಪ್ರಿಲ್ ತಿಂಗಳ ಒಂದು ಸಂಜೆ ಕೆ.ಆರ್. ಪುರದ ಕಡೆಯಿಂದ ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಮಗ ಮತ್ತು ಸೊಸೆ ಕರೆತಂದಿದ್ದರು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದರೆ ತಲೆಸುತ್ತು, ಕಾಲಿನಲ್ಲಿ ಸೆಳೆತ, ನಾಲಿಗೆ ಒಣಗಿ ಅಂಟಿಕೊಳ್ಳುತ್ತದೆ. ರಕ್ತದೊತ್ತಡಕ್ಕೆ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ನಿದ್ದೆಗೆ ಒಂದು ಮಾತ್ರೆ ಬರೆದುಕೊಡಿ ಎಂಬುದು ಮನೆಯವರ ಕೋರಿಕೆ. ನಾನು ಕೇಳಿದ್ದು ಬೇರೆ: "ನೀವು ಮಲಗುವ ಕೋಣೆ ಮನೆಯಲ್ಲಿ ಯಾವ ಕಡೆಗಿದೆ ಅಮ್ಮಾ?"

"ಮೇಲಿನ ಮಹಡಿ, ಪಡುವಣ ಮೂಲೆ ಡಾಕ್ಟ್ರೇ. ಗೋಡೆ ಮುಟ್ಟಿದ್ರೆ ರೊಟ್ಟಿ ಹೆಂಚು ಮುಟ್ಟಿದಂಗಿರ್ತದೆ. ರಾತ್ರಿ ಹನ್ನೊಂದಾದ್ರೂ ತಣಿಯಲ್ಲ" ಎಂದರು ಆ ತಾಯಿ.

ಕಾಯಿಲೆಯ ಮೂಲವನ್ನು ಅವರೇ ಹೇಳಿ ಮುಗಿಸಿದ್ದರು. ನಾವು ವೈದ್ಯರು ಊಟ ಕೇಳುತ್ತೇವೆ, ಮಲವಿಸರ್ಜನೆ ಕೇಳುತ್ತೇವೆ, ಬೀಡಿ-ಸಿಗರೇಟು ಕೇಳುತ್ತೇವೆ. ರೋಗಿ ದಿನದ ಅರ್ಧ ಭಾಗ ಕಳೆಯುವ ಕೋಣೆಯ ಗೋಡೆ ಯಾವುದರದು, ದಪ್ಪ ಎಷ್ಟು, ಮೇಲೆ ಸೂರು ಏನು ಎಂದು ಕೇಳುವುದಿಲ್ಲ. ಮನೆ ಕಟ್ಟಿಸುವವರೂ ವಾಸ್ತು ಕೇಳುತ್ತಾರೆ, ಟೈಲ್ಸಿನ ಬಣ್ಣ ಕೇಳುತ್ತಾರೆ. ಗೋಡೆಯನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಗೋಡೆಯೂ ಆರೋಗ್ಯದ ವಿಷಯ, ಕುಡಿಯುವ ನೀರಿನಷ್ಟೇ ವಿಷಯ ಎಂಬುದು ನನ್ನ ಅಭಿಪ್ರಾಯ.

ಫ್ಯಾನ್ ಇಲ್ಲದೆ ಬೇಸಿಗೆ ಕಳೆಯಬಹುದಾದ ಊರು ಎಂದು ಬೆಂಗಳೂರಿಗೆ ಹೆಸರಿತ್ತು. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿರುವ ಊರಿಗೆ ಅದು ಸಹಜ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಷಿಯಸ್ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿತು. ಇವು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟ ಉಷ್ಣಮಾಪಕದ ಅಂಕಿಗಳು. ಮಧ್ಯಾಹ್ನವಿಡೀ ಬಿಸಿಲು ಕುಡಿದ ಪಶ್ಚಿಮದ ಗೋಡೆಯ ಅಂಕಿ ಬೇರೆಯೇ. ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ಇದೇ ಬೇಸಿಗೆಯಲ್ಲಿ ಇಂದಿರಾನಗರದ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದರು. ಅಮೆರಿಕದಿಂದ ರಜೆಗೆ ಬಂದ ಮಗ, "ಅಪ್ಪಾ, ಒಳಗಡೆ ಡ್ರೈವಾಲ್ ಹೊಡೆಸಿಬಿಡಿ, ಮನೆ ತಂಪಾಗುತ್ತದೆ" ಎಂದಿದ್ದಾನಂತೆ. ಇದು ನಿಜವೇ? ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಸ್ವಲ್ಪ ಜಾಗ ಬೇಕು.

ಡ್ರೈವಾಲ್ ಎಂದರೆ ನಮ್ಮಲ್ಲಿ ಫಾಲ್ಸ್ ಸೀಲಿಂಗ್‌ಗೆ ಬಳಸುವ ಅದೇ ಜಿಪ್ಸಂ ಬೋರ್ಡು. ಎರಡು ಕಾಗದಗಳ ನಡುವೆ ಜಿಪ್ಸಂ ತುಂಬಿದ ಅರ್ಧ ಇಂಚಿನ ಹಲಗೆ. ಅಮೆರಿಕದಲ್ಲಿ ಅಗಸ್ಟಿನ್ ಸ್ಯಾಕೆಟ್ ಎಂಬಾತ 1894ರಲ್ಲಿ ಇದರ ಪೂರ್ವರೂಪಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದ ನಂತರ ಬೇಗ ಬೇಗ ಮನೆ ಕಟ್ಟಬೇಕಾಗಿ ಬಂದಾಗ ಅದು ಅಲ್ಲಿ ಮನೆಮನೆಗೂ ಹೊಕ್ಕಿತು. ಗಾರೆ ಕಲಸಿ, ಮೆತ್ತಿ, ಒಣಗಲು ವಾರಗಟ್ಟಲೆ ಕಾಯುವ ಕೆಲಸವಿಲ್ಲ. ಒಣ ಗೋಡೆ ಎಂಬ ಹೆಸರು ಬಂದದ್ದು ಅದಕ್ಕೇ. ಆದರೆ ಅಮೆರಿಕದ ಮನೆಯನ್ನು ಬೆಚ್ಚಗೆ ಅಥವಾ ತಂಪಾಗಿ ಇಡುವುದು ಆ ಹಲಗೆಯಲ್ಲ, ಹಲಗೆಯ ಹಿಂದೆ ಮರದ ಚೌಕಟ್ಟಿನ ಸಂದಿಗಳಲ್ಲಿ ತುರುಕಿದ ಗಾಜಿನ ಎಳೆಯ ಅಥವಾ ಕಲ್ಲಿನ ಎಳೆಯ ಹತ್ತಿ. ಮಗ ನೋಡಿದ್ದು ಹೊರಗಿನ ಬಿಳಿ ಹಲಗೆಯನ್ನು. ಕೆಲಸ ಮಾಡುತ್ತಿದ್ದದ್ದು ಕಣ್ಣಿಗೆ ಕಾಣದ ಹತ್ತಿ, ಅದರೊಳಗೆ ಸಿಕ್ಕಿಬಿದ್ದ ಅಲುಗಾಡದ ಗಾಳಿ. ನಮ್ಮ ಕೌದಿಯ ಗುಟ್ಟೂ ಅದೇ ಅಲ್ಲವೇ?

ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ದಪ್ಪದ ವಸ್ತುವಿನ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಲ್ಲಿ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಂಕ್ರೀಟಿಗೆ ಅದು ಸುಮಾರು 1.4ರಿಂದ 1.6. ಸುಟ್ಟ ಇಟ್ಟಿಗೆಗೆ 0.6ರಿಂದ 0.8. ಜಿಪ್ಸಂ ಬೋರ್ಡಿಗೂ, ನೀರಿನಲ್ಲಿ ತೇಲುವಷ್ಟು ಹಗುರವಾದ ಎಎಸಿ ಬ್ಲಾಕಿಗೂ 0.2ರ ಆಸುಪಾಸು. ಕಲ್ಲಿನ ಎಳೆಯ ಹತ್ತಿಗೆ 0.04 ಮಾತ್ರ. ಜಿಪ್ಸಂ ಒಳ್ಳೆಯ ವಸ್ತುವೇ ಎಂದಾಯಿತು. ಆದರೆ ಅದರ ದಪ್ಪ ಅರ್ಧ ಇಂಚು. ಆ ದಪ್ಪದಲ್ಲಿ ಅದು ಶಾಖಕ್ಕೆ ಒಡ್ಡುವ ತಡೆ, ನಾಲ್ಕು ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕು ಒಡ್ಡುವ ತಡೆಗೆ ಹೆಚ್ಚುಕಡಿಮೆ ಸಮ. ಅರ್ಧ ಇಂಚಿನ ಹಲಗೆ ಇಷ್ಟು ಮಾಡುತ್ತದೆಯಲ್ಲ ಎಂದು ಮೆಚ್ಚಬಹುದು. ನಾಲ್ಕು ಇಂಚಿನ ಬ್ಲಾಕು ಇಷ್ಟೇ ಮಾಡುತ್ತದೆಯೇ ಎಂದು ಗಾಬರಿಯೂ ಆಗಬಹುದು. ನನಗೆ ಎರಡನೆಯದೇ ಮುಖ್ಯವೆನಿಸುತ್ತದೆ.

ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ತಡೆ ಇದರ ನಾಲ್ಕರಷ್ಟು. ಎಂಟು ಇಂಚಿನ ಎಎಸಿ ಬ್ಲಾಕಿನದು ಆ ಇಟ್ಟಿಗೆ ಗೋಡೆಗಿಂತಲೂ ಮೂರು ಪಟ್ಟಿಗೆ ಮೇಲೆ. ಎರಡು ಜಿಪ್ಸಂ ಹಲಗೆಗಳ ನಡುವೆ ಎರಡು ಇಂಚು ಕಲ್ಲಿನ ಹತ್ತಿ ಕೂರಿಸಿದರೆ ನಾಲ್ಕೈದು ಪಟ್ಟು. ಆದ್ದರಿಂದ ಇಂದಿರಾನಗರದ ಆ ಓದುಗರಿಗೆ ನನ್ನ ಉತ್ತರ: ಬರೀ ಹಲಗೆ ಹೊಡೆಸಿದರೆ ದುಡ್ಡು ಹೋಗುತ್ತದೆ, ಬಿಸಿಲು ಹೋಗುವುದಿಲ್ಲ. ಹಿಂದೆ ಹತ್ತಿ ಕೂರಿಸಿದರೆ ಉಪಯೋಗವಿದೆ. ಅದಕ್ಕೂ ಮೊದಲು ಮಾಡಬೇಕಾದ ಅಗ್ಗದ ಕೆಲಸಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ತಡೆಯ ಜೊತೆಗೆ ಇನ್ನೊಂದು ಗುಣವಿದೆ, ಅದು ನಿಧಾನ. ಭಾರವಾದ ದಪ್ಪ ಗೋಡೆ ಶಾಖವನ್ನು ನುಂಗಿ ಮೆಲ್ಲಗೆ ಒಳಕ್ಕೆ ಬಿಡುತ್ತದೆ. ತೆಳು ಗೋಡೆ ಎರಡು ಮೂರು ಗಂಟೆಯಲ್ಲಿ ಸಾಗಿಸಿಬಿಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಆರೇಳು ಗಂಟೆ ತೆಗೆದುಕೊಳ್ಳುತ್ತದೆ, ಒಂದೂವರೆ ಅಡಿಯ ಮಣ್ಣಿನ ಗೋಡೆ ಹತ್ತು ಗಂಟೆಗೂ ಹೆಚ್ಚು. ಹಾದಿಯಲ್ಲಿ ಶಾಖದ ಏರಿಳಿತವೂ ಕುಗ್ಗುತ್ತದೆ. ಬೆಂಗಳೂರಿನ ಬೇಸಿಗೆಗೆ ಇದು ಹೇಳಿ ಮಾಡಿಸಿದ ಗುಣ. ಏಕೆಂದರೆ ಇಲ್ಲಿ ಹಗಲಿನ 34 ಡಿಗ್ರಿಗೂ ರಾತ್ರಿಯ 22 ಡಿಗ್ರಿಗೂ ನಡುವೆ ಹನ್ನೆರಡು ಡಿಗ್ರಿಗಳ ಅಂತರವಿರುತ್ತದೆ. ರಾತ್ರಿ ಕಿಟಕಿ ತೆರೆದು ಗೋಡೆಯನ್ನು ತಣಿಸಿಕೊಂಡರೆ ಮರುದಿನ ಮಧ್ಯಾಹ್ನದವರೆಗೆ ಆ ತಂಪು ಉಳಿಯುತ್ತದೆ.

ದಂಡಿನ ಹಳೆಯ ಬಂಗಲೆಗಳು ಕೆಲಸ ಮಾಡಿದ್ದು ಹೀಗೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣ ಬಿಟ್ಟು ಇಲ್ಲಿ ದಂಡು ಇಳಿಸಿದ ಮೇಲೆ ಎದ್ದ ಮನೆಗಳವು. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಆನೆ ಹೊಕ್ಕಬಹುದಾದಷ್ಟು ಎತ್ತರದ ಸೂರು, ಮುಂದೆ ಹಜಾರ. ಸೂರು ಎಂದರೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಬಡಿದು ಕೂರಿಸಿದ್ದು. ಇಲ್ಲವೇ ಮಂಗಳೂರು ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಕೆಂಪು ಹಂಚು ಘಟ್ಟ ಹತ್ತಿ ಇಲ್ಲಿಗೂ ಬಂತು. ಹಲಸೂರಿನ ಗುಡಿಬೀದಿಗಳಲ್ಲಿ ಬಂಗಲೆ ಇರಲಿಲ್ಲ, ಆದರೆ ಮಣ್ಣುಗಾರೆಯ ದಪ್ಪ ಗೋಡೆ, ಜಗಲಿ, ಗವಾಕ್ಷಿ ಇದ್ದವು. ಕೆಲವು ಇನ್ನೂ ಇವೆ. ಮಧ್ಯಾಹ್ನ ಎರಡು ಗಂಟೆಗೆ ಅಂಥ ಮನೆಯ ಹೊಸಿಲು ದಾಟಿ ನೋಡಿ, ಚರ್ಮಕ್ಕೇ ವ್ಯತ್ಯಾಸ ತಿಳಿಯುತ್ತದೆ.

ಹಳೆಯದೆಲ್ಲ ಬಂಗಾರ ಎನ್ನುವ ಪೈಕಿ ನಾನಲ್ಲ. ಆ ಮಣ್ಣು ಗೋಡೆಯ ಬಿಲಗಳಲ್ಲೇ, ಆ ಸೂರಿನ ಸಂದಿಗಳಲ್ಲೇ ಇಲಿಗಳು ವಾಸಿಸುತ್ತಿದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅವುಗಳ ಮೈಮೇಲಿನ ಚಿಗಟಗಳೇ ರೋಗ ಹಂಚಿದವು. ಊರು ಬೆಚ್ಚಿಬಿತ್ತು. ಬಸವನಗುಡಿ, ಮಲ್ಲೇಶ್ವರ ಹುಟ್ಟಿಕೊಂಡದ್ದು ಆ ಹೊತ್ತಿನಲ್ಲಿ. ದಂಡಿನ ಕಡೆ, ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಸರ್ ಅವರ ಹೆಸರಿನಲ್ಲಿ 1910ರ ಸುಮಾರಿಗೆ ಫ್ರೇಸರ್ ಟೌನ್ ಎದ್ದಿತು. ಇಂದಿನ ಪುಲಕೇಶಿನಗರ ಅದು. ದಂಡಿನ ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಪ್ಲೇಗು ನುಸುಳದ ಬಡಾವಣೆ ಕಟ್ಟುವ ಬಗೆ ಕುರಿತು 1914ರಲ್ಲಿ ಪುಸ್ತಕವನ್ನೇ ಬರೆದರು. ಇಲಿ ಕೊರೆಯಲಾಗದ ಗೋಡೆ-ನೆಲ, ಬೆಳಕು, ಗಾಳಿ, ಮನೆ-ಮನೆಗಳ ನಡುವೆ ಬಿಡಬೇಕಾದ ಜಾಗ ಇವೇ ಅಲ್ಲಿನ ಚಿಂತೆ. ಈ ಊರಿನ ಪೂರ್ವ ಭಾಗದಲ್ಲಿ ಗೋಡೆಯನ್ನು ಆರೋಗ್ಯದ ಕಣ್ಣಿನಿಂದ ನೋಡುವುದು ಹೊಸದೇನಲ್ಲ ಎಂದು ಹೇಳಲು ಇಷ್ಟೆಲ್ಲ ಬರೆದೆ. ಆಗ ಇಲಿ ಕಣ್ಣಿಗೆ ಕಾಣುತ್ತಿತ್ತು, ಹೆಣಗಳೂ ಕಾಣುತ್ತಿದ್ದವು. ಬಿಸಿ ಕಾಣುವುದಿಲ್ಲ. ಬೇಸಿಗೆಯಲ್ಲಿ ತೀರಿಕೊಂಡ ಅಜ್ಜನ ಮರಣಪತ್ರದಲ್ಲಿ ಹೃದಯಾಘಾತ ಎಂದಿರುತ್ತದೆ, ಪಶ್ಚಿಮದ ಗೋಡೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಇಂದಿರಾನಗರದ ಹಳೆಯ ಮನೆಗಳಲ್ಲಿ ಒಂಬತ್ತು ಇಂಚಿನ ಗೋಡೆಯೂ, ಸುತ್ತ ಒಂದೆರಡು ಮರವೂ ಉಳಿದಿದ್ದವು. ನಂತರ ಪೂರ್ವಕ್ಕೆ ಹೋದಷ್ಟೂ ಗೋಡೆ ಸಣ್ಣಗಾಯಿತು. ಬೈಯಪ್ಪನಹಳ್ಳಿ, ಮಹದೇವಪುರ, ಕೆ.ಆರ್. ಪುರ, ಅಲ್ಲಿಂದಾಚೆ. 20-30ರ ನಿವೇಶನದಲ್ಲಿ ನಾಲ್ಕು ಮಹಡಿ ಎತ್ತಬೇಕಾದಾಗ ಗೋಡೆಯ ಪ್ರತಿ ಇಂಚಿಗೂ ಬಾಡಿಗೆಯ ಲೆಕ್ಕವಿದೆ. ಹೊರಗೋಡೆಗೆ ಆರು ಇಂಚಿನ ಸಾಲಿಡ್ ಬ್ಲಾಕು, ಒಳಗೆ ನಾಲ್ಕು ಇಂಚು. ಕೆಲವೆಡೆ ಹೊರಗೂ ನಾಲ್ಕೇ. ತಲೆಯ ಮೇಲೆ ನಾಲ್ಕೈದು ಇಂಚಿನ ಆರ್‌ಸಿಸಿ. ಕಿಟಕಿಗೆ ಸಜ್ಜಾ ಹಾಕಿದರೆ ಪಕ್ಕದವರ ಗೋಡೆಗೆ ತಾಗುತ್ತದೆ ಎಂದು ಅದೂ ಇಲ್ಲ. ಕಟ್ಟಿಸಿದವರನ್ನು ನಾನು ದೂರುವುದಿಲ್ಲ. ಸಾಲ ಮಾಡಿ ಮನೆ ಎತ್ತುವವರ ಕಷ್ಟ ನನಗೂ ಗೊತ್ತಿದೆ. ಆದರೆ ಸಂಜೆ ನಾಲ್ಕರಿಂದ ಐದರ ಬಿಸಿಲು ಆರು ಇಂಚಿನ ಬ್ಲಾಕನ್ನು ದಾಟಿ ಒಳಬದಿಗೆ ಬರುವುದು ರಾತ್ರಿ ಎಂಟು ಒಂಬತ್ತಕ್ಕೆ. ಮಗುವನ್ನು ಮಲಗಿಸುವ ಹೊತ್ತಿಗೆ ಸರಿಯಾಗಿ ಗೋಡೆ ಕಾಯುತ್ತದೆ.

ಮೈಗೆ ಆಗುವುದೇನು? ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು. ಅದಕ್ಕಾಗಿ ರಕ್ತ ಚರ್ಮದ ಕಡೆಗೆ ಹರಿದು ಶಾಖವನ್ನು ಹೊರಹಾಕುತ್ತದೆ. ಸುಮ್ಮನೆ ಕುಳಿತ ಅಥವಾ ಮಲಗಿದ ಮನುಷ್ಯ ಕಳೆದುಕೊಳ್ಳುವ ಶಾಖದ ದೊಡ್ಡ ಪಾಲು ಹೋಗುವುದು ವಿಕಿರಣದ ಮೂಲಕ, ಅಂದರೆ ಮೈಯಿಂದ ಸುತ್ತಲಿನ ಗೋಡೆ-ಸೂರುಗಳ ಕಡೆಗೆ. ನಮ್ಮ ಚರ್ಮ ಸುಮಾರು 33-34 ಡಿಗ್ರಿ ಇರುತ್ತದೆ. ಗೋಡೆ 25 ಡಿಗ್ರಿ ಇದ್ದರೆ ಶಾಖ ಆ ಕಡೆ ಹೋಗುತ್ತದೆ. ಗೋಡೆಯೇ 35 ಆದರೆ ದಾರಿ ಮುಚ್ಚಿತು. ಗೋಡೆಯೇ ನಮಗೆ ಕೊಡಲು ತೊಡಗುತ್ತದೆ. ಆಗ ಉಳಿಯುವುದು ಬೆವರು ಒಂದೇ. ಗಾಳಿಯ ಉಷ್ಣಾಂಶ ಸಾಧಾರಣವಾಗಿದ್ದರೂ ಕೆಲವು ಕೋಣೆಗಳಲ್ಲಿ "ಉಸಿರು ಕಟ್ಟಿದ ಹಾಗೆ" ಅನ್ನಿಸುವುದು ಇದೇ ಕಾರಣಕ್ಕೆ.

ಆರೋಗ್ಯವಂತ ಯುವಕ ಬೆವರಿ, ನೀರು ಕುಡಿದು, ಎರಡು ಸಲ ಎದ್ದು ಬೆಳಗು ಮಾಡಿಕೊಳ್ಳುತ್ತಾನೆ. ವಯಸ್ಸಾದವರಿಗೆ ಬೆವರೂ ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಹಸುಗೂಸಿಗೆ ಹೇಳಲು ಬಾರದು. ಮೂತ್ರ ಹೆಚ್ಚಿಸುವ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧಗಳು ದೇಹ ಬಿಸಿಯನ್ನು ನಿಭಾಯಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ನೀರಿನಂಶ ಇಳಿದರೆ ಬೇಗ ಪೆಟ್ಟು. ಹೀಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನಿಮ್ಮ ವೈದ್ಯರಿಗೆ ತಿಳಿಸಿ. ಬಿಸಿಲಿಗೆ ಹೊರಗೆ ಹೋಗದವರಿಗೂ ಶಾಖದ ಆಘಾತ ಆಗಬಹುದು ಎಂಬುದನ್ನು ಮನೆಯಲ್ಲಿ ಎಲ್ಲರೂ ತಿಳಿದಿರಬೇಕು. ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ, ಅಸಂಬದ್ಧವಾಗಿ ಮಾತಾಡುತ್ತಿದ್ದರೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ.

ಶಿವಾಜಿನಗರದ ಒಳಗಲ್ಲಿಗಳ ಸಮಸ್ಯೆ ಗೋಡೆಗಿಂತ ಸೂರಿನದು. ಒಂದು ಕೋಣೆ, ಮೇಲೆ ಸಿಮೆಂಟ್ ಶೀಟು. ಕಾಲು ಇಂಚಿನ ಆ ಶೀಟಿಗೆ ತಡೆಯೂ ಇಲ್ಲ, ನಿಧಾನವೂ ಇಲ್ಲ. ಹೊರಗೆ ಬಿಸಿಲು ಬಿದ್ದ ಗಳಿಗೆಯಲ್ಲೇ ಒಳಗೆ ಕಾಯುತ್ತದೆ. ಅದರ ಕೆಳಗೆ ಕುಳಿತು ಹೆಣ್ಣುಮಕ್ಕಳು ದಿನವಿಡೀ ಹೊಲಿಗೆ ಹಾಕುತ್ತಾರೆ, ಒಲೆಯನ್ನೂ ಉರಿಸುತ್ತಾರೆ. ಬಹುಪಾಲು ಹಳೆಯ ಶೀಟುಗಳಲ್ಲಿ ಕಲ್ನಾರು ಇದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ದಶಕಗಳಾದವು. ನಮ್ಮ ದೇಶದಲ್ಲಿ ಅದನ್ನು ಅಗೆಯಲು ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಲಾಯಿತು. ಆದರೆ ಹೊರದೇಶದಿಂದ ಬಿಳಿ ಕಲ್ನಾರನ್ನು ತರಿಸಿ ಶೀಟು ಮಾಡುವುದಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ನೆಲದಲ್ಲಿ ಅಗೆಯಲು ಅಪಾಯ, ನಮ್ಮ ತಲೆಯ ಮೇಲೆ ಹೊದಿಸಲು ಅಪಾಯವಿಲ್ಲ ಎಂಬ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಹಾಗೆಂದು ಶೀಟಿನ ಮನೆಯವರು ಇಂದೇ ಹೆದರಿ ಕಿತ್ತು ಎಸೆಯಬೇಡಿ. ಗಟ್ಟಿಯಾಗಿರುವ ಶೀಟಿನಿಂದ ಎಳೆಗಳು ಸುಲಭವಾಗಿ ಹೊರಬರುವುದಿಲ್ಲ. ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವಾಗ ದೂಳಾಗಿ ಶ್ವಾಸಕೋಶಕ್ಕೆ ಇಳಿಯುತ್ತವೆ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು-ನಲವತ್ತು ವರ್ಷಗಳ ಮೇಲೆ. ತೆಗೆಯಲೇಬೇಕಾದರೆ ನೀರಿನಲ್ಲಿ ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು, ಮಕ್ಕಳನ್ನು ದೂರ ಕಳುಹಿಸಬೇಕು. ಒಡೆದ ತುಂಡುಗಳನ್ನು ಚರಂಡಿಗೆ ಮುಚ್ಚಳ ಮಾಡಿದ್ದನ್ನು ಕಂಡಿದ್ದೇನೆ. ಅದು ಬೇಡ.

ಇನ್ನು ತೇವ. ಡ್ರೈವಾಲ್‌ನ ಹೆಸರಿನಲ್ಲೇ ಅದರ ಷರತ್ತು ಅಡಗಿದೆ: ಒಣಗಿದ್ದರೆ ಮಾತ್ರ ಅದು ಗೋಡೆ. ನೆನೆದರೆ ಅದರ ಮೇಲಿನ ಕಾಗದ ಬೂಷ್ಟಿಗೆ ಹಬ್ಬದೂಟ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಚಂಡಮಾರುತದಿಂದ ಮುಳುಗಿದಾಗ ನೀರು ಇಳಿದ ಮೇಲೂ ಮನೆಗಳೊಳಗೆ ಕಾಲಿಡಲಾಗದಂತೆ ಗೋಡೆಗಳೆಲ್ಲ ಕಪ್ಪಾಗಿದ್ದವು. ನಮ್ಮಲ್ಲಿ 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಮಹದೇವಪುರ, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲಿ ದೋಣಿ ಬಿಡಬೇಕಾಯಿತು. ಕೆರೆಯ ಹಾದಿಯಲ್ಲಿ ಮನೆ ಕಟ್ಟಿ, ಒಳಗೆ ಕಾಗದದ ಗೋಡೆ ನಿಲ್ಲಿಸಿದರೆ ಆಗುವುದು ಏನೆಂದು ಹೇಳಬೇಕಿಲ್ಲ. ಬಚ್ಚಲ ಹಿಂಬದಿಗೆ, ನೆಲಮಾಳಿಗೆಗೆ, ನೀರು ಜಿನುಗುವ ಗೋಡೆಯನ್ನು ಮುಚ್ಚಲು ಜಿಪ್ಸಂ ಬೋರ್ಡು ಬೇಡವೇ ಬೇಡ. ಮುಚ್ಚಿದರೆ ಮಚ್ಚೆ ಕಾಣುವುದಿಲ್ಲ, ಅಷ್ಟೇ. ಬೂಷ್ಟು ಹಿಂದೆ ಬೆಳೆಯುತ್ತಿರುತ್ತದೆ, ಮುಂದೆ ಮಗು ಕೆಮ್ಮುತ್ತಿರುತ್ತದೆ.

ಹಲಸೂರು ಕೆರೆಯ ಬಳಿಯ ಆಸ್ಪತ್ರೆಯಲ್ಲಿ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ದಶಕಗಳ ಕಾಲ ಲೆಕ್ಕ ಇಟ್ಟಿದ್ದರು. ನೋಡಿದ ಮಕ್ಕಳಲ್ಲಿ ಉಬ್ಬಸದವರು 1979ರಲ್ಲಿ ನೂರಕ್ಕೆ 9. 1999ರ ಹೊತ್ತಿಗೆ 29.5. ಇದಕ್ಕೆ ವಾಹನದ ಹೊಗೆ, ದೂಳು, ಜನದಟ್ಟಣೆ ಎಲ್ಲವೂ ಸೇರಿವೆ; ಎಲ್ಲವನ್ನೂ ಗೋಡೆಯ ತಲೆಗೆ ಕಟ್ಟುವುದು ತಪ್ಪು. ಆದರೆ ತೇವದ ಗೋಡೆ, ಬೂಷ್ಟು ಉಬ್ಬಸವನ್ನು ಕೆರಳಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಹಳೆಯ ಸುಣ್ಣಗಾರೆಯ ಮನೆಯಿದ್ದವರಿಗೆ ಒಂದು ಮಾತು: ತೇವ ಬಂತೆಂದು ಮೇಲೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿದ ತೇವವನ್ನು ಬಿಟ್ಟುಕೊಡುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ.

ಬೋರ್ಡಿನ ಗೋಡೆಗಳು ಇಂದು ಹೆಚ್ಚಾಗಿ ಎದ್ದಿರುವುದು ಪೇಯಿಂಗ್ ಗೆಸ್ಟ್ ಮನೆಗಳಲ್ಲಿ. ಹಾಸನದಿಂದ, ಬೀದರಿನಿಂದ, ಬಳ್ಳಾರಿಯಿಂದ ಕೆಲಸಕ್ಕೆ ಬಂದ ನಮ್ಮ ಮಕ್ಕಳೇ ಅಲ್ಲಿರುವುದು. ಒಂದು ಹಾಲನ್ನು ಮೂರು ಮಾಡಿ, ನಡುವಿನದಕ್ಕೆ ಕಿಟಕಿಯೇ ಇಲ್ಲದಂತೆ ಹಲಗೆ ನಿಲ್ಲಿಸುತ್ತಾರೆ. ಟೊಳ್ಳು ಹಲಗೆ ಶಾಖಕ್ಕೂ ತಡೆಯಲ್ಲ, ಶಬ್ದಕ್ಕೂ ತಡೆಯಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿದರೆ ಪಕ್ಕದ ಕೋಣೆಯ ಫೋನ್ ಮಾತು ಕಿವಿಯಲ್ಲೇ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ಭಯ ಗಾಳಿಯದು. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬರಿಗೆ ಕ್ಷಯ ಇದ್ದರೆ ಉಳಿದವರು ಅದೇ ಉಸಿರನ್ನು ಹಂಚಿಕೊಳ್ಳುತ್ತಾರೆ. ಮಗನನ್ನೋ ಮಗಳನ್ನೋ ಬಿಡಲು ಬಂದ ತಂದೆತಾಯಿ ಊಟದ ರುಚಿ ನೋಡುತ್ತಾರೆ, ಬೀಗ ನೋಡುತ್ತಾರೆ. ಗೋಡೆಯನ್ನು ಬೆರಳಿನಿಂದ ಒಮ್ಮೆ ಬಡಿದು ನೋಡಿ. ಹೊರಕ್ಕೆ ತೆರೆಯುವ ಕಿಟಕಿ ಇದೆಯೇ ನೋಡಿ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ವಾಸದ ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿ ತಂದಿತು. ಗೋಡೆ ಮತ್ತು ಸೂರಿನಿಂದ ಎಷ್ಟು ಶಾಖ ಒಳಬರಬಹುದು ಎಂಬುದಕ್ಕೆ ಅದರಲ್ಲಿ ಮಿತಿಯಿದೆ. ಒಳ್ಳೆಯ ಕೆಲಸ. ಆದರೆ ಅದು ಅನ್ವಯಿಸುವುದು 500 ಚದರ ಮೀಟರ್ ಅಥವಾ ಅದಕ್ಕೂ ಮೇಲಿನ ನಿವೇಶನಗಳಿಗೆ. ನಮ್ಮ 30-40ರ ನಿವೇಶನ ಎಂದರೆ 111 ಚದರ ಮೀಟರ್, 20-30ರದು 56. ದೊಡ್ಡ ಅಪಾರ್ಟ್‌ಮೆಂಟಿನವರಿಗೆ ಕಾನೂನಿನ ನೆರಳಿದೆ, ಅವರಿಗೆ ಎ.ಸಿ.ಯೂ ಇದೆ. ಕೆ.ಆರ್. ಪುರದ ಮೂರನೆಯ ಮಹಡಿಯ ಬಾಡಿಗೆದಾರನಿಗೆ ಎರಡೂ ಇಲ್ಲ, ಪಕ್ಕದ ಕಟ್ಟಡದ ಎ.ಸಿ. ಉಗುಳುವ ಬಿಸಿಗಾಳಿ ಮಾತ್ರ ಇದೆ. 2010ರ ಬಿಸಿಗಾಳಿಯಲ್ಲಿ ಜನರನ್ನು ಕಳೆದುಕೊಂಡ ಅಹಮದಾಬಾದ್ ನಗರ 2013ರಲ್ಲಿ ಶಾಖದ ವಿರುದ್ಧ ಕಾರ್ಯಯೋಜನೆ ಮಾಡಿಕೊಂಡಿತು. ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಪ್ರಕಟಿಸಿತು. ಬೆಂಗಳೂರಿಗೆ 2025ರಲ್ಲಿ ಒಂದರ ಬದಲು ಐದು ಪಾಲಿಕೆಗಳು ಬಂದವು. ಅವುಗಳಲ್ಲಿ ಒಂದಾದರೂ ನಕ್ಷೆ ಮಂಜೂರು ಮಾಡುವಾಗ, "ಪಶ್ಚಿಮದ ಗೋಡೆ ಎಷ್ಟು ಇಂಚು? ಸೂರಿನ ಮೇಲೆ ಏನು ಹಾಕುತ್ತೀರಿ?" ಎಂಬ ಎರಡು ಪ್ರಶ್ನೆ ಕೇಳಲಿ. ನೂರು ವರ್ಷಗಳ ಹಿಂದೆ ದಂಡಿನ ಪುರಸಭೆ ಇಲಿಯ ಬಗ್ಗೆ ಕೇಳಿತ್ತಲ್ಲ?

ಹೊಸದಾಗಿ ಕಟ್ಟಿಸುವವರಿಗೆ ಆಯ್ಕೆಗಳಿವೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಸುಡದ ಇಟ್ಟಿಗೆಯನ್ನು ರೂಢಿಗೆ ತಂದರು. ಒಂಬತ್ತು ಇಂಚಿನ ಗೋಡೆಯಾಗುತ್ತದೆ, ಬೆಂಗಳೂರಿನಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಇಟ್ಟಿಗೆಯನ್ನೇ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ 'ಇಲಿಬೋನು' ಕಟ್ಟನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಇಟ್ಟಿಗೆಯಲ್ಲಿ ಕಾಲು ಭಾಗ ಉಳಿತಾಯ, ಟೊಳ್ಳಿನ ಗಾಳಿ ಶಾಖಕ್ಕೆ ತಡೆ. ಎಎಸಿ ಬ್ಲಾಕು ಚೆನ್ನಾಗಿದೆ, ಆದರೆ ನೀರು ಕುಡಿದರೆ ಅದರ ಗುಣ ಕೆಡುತ್ತದೆ. ಹೊರಗಿನ ಗಿಲಾವು ಬಿರುಕಿಲ್ಲದಂತೆ ಇರಬೇಕು. ಎಲ್ಲ ಗೋಡೆಗೂ ದುಡ್ಡು ಸಾಲದಿದ್ದರೆ ಪಶ್ಚಿಮದ ಒಂದೇ ಗೋಡೆಗೆ ಹಾಕಿ.

ಕಟ್ಟಿ ಮುಗಿದ ಮನೆಯವರು ಮೊದಲು ತಲೆಯ ಮೇಲೆ ನೋಡಬೇಕು. ಕೊನೆಯ ಮಹಡಿಗೆ ಬರುವ ಶಾಖದ ದೊಡ್ಡ ಪಾಲು ತಾರಸಿಯದು. ಫೆಬ್ರುವರಿಯಲ್ಲಿ ತಾರಸಿ ತೊಳೆದು ಸುಣ್ಣ ಬಳಿಸಿ, ಒಂದು ಮಳೆಗಾಲಕ್ಕೆ ಹೋದರೂ ಬೇಸಿಗೆ ಕಳೆದಿರುತ್ತದೆ. ಬಾಳಿಕೆ ಬೇಕಿದ್ದರೆ ಬಿಳಿಯ ಕೂಲ್ ರೂಫ್ ಬಣ್ಣ. ಶೀಟಿನ ಮನೆಗೂ ಇದೇ ಉಪಾಯ, ಉಜ್ಜದೆ ನೀರು ಹಾಕಿ ತೊಳೆದು ಬಳಿಯಿರಿ, ಶೀಟಿನ ಮೇಲೆ ಕಾಲಿಡಬೇಡಿ. ಪಶ್ಚಿಮದ ಗೋಡೆಗೆ ಹೊರಗಿನಿಂದ ನೆರಳು ಮಾಡಿ: ಹಸಿರು ಬಲೆ, ಬಿದಿರಿನ ತಡಿಕೆ, ಕುಂಡದಿಂದ ಹಬ್ಬಿಸಿದ ಬಳ್ಳಿ. ಬಿಸಿಲನ್ನು ಗೋಡೆ ಮುಟ್ಟುವ ಮೊದಲೇ ನಿಲ್ಲಿಸುವುದು ಒಳಗೆ ಹಲಗೆ ಹೊಡೆಯುವುದಕ್ಕಿಂತ ಮೇಲು. ಕಿಟಕಿಗೆ ಸೊಳ್ಳೆ ಬಲೆ ಹಾಕಿಸಿ ರಾತ್ರಿಯಿಡೀ ತೆರೆದಿಡಿ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆಯಿರಿ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಫ್ಯಾನ್ ಒಳ್ಳೆಯದೇ. ಆದರೆ ಕೋಣೆ 40 ಡಿಗ್ರಿ ಮುಟ್ಟಿದರೆ ಅದು ಬಿಸಿಗಾಳಿಯನ್ನೇ ಮೈಗೆ ತೂರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಶೀಟಿನ ಕೆಳಗೆ ಮಧ್ಯಾಹ್ನ ಅಷ್ಟಾಗುವುದುಂಟು.

ಆ ತಾಯಿಗೆ ನಾನು ನಿದ್ದೆ ಮಾತ್ರೆ ಬರೆಯಲಿಲ್ಲ. ರಕ್ತದಲ್ಲಿ ಸೋಡಿಯಂ ನೋಡಿಸಿ, ರಕ್ತದೊತ್ತಡದ ಮಾತ್ರೆಯನ್ನು ಸ್ವಲ್ಪ ಬದಲಿಸಿ, ಮಂಚವನ್ನು ಪೂರ್ವದ ಹಾಲಿಗೆ ಹಾಕಿಸಲು ಹೇಳಿದೆ. "ಬಂದುಹೋಗೋರ ಎದುರಿಗೆ ಮಲಗೋದು ಹೆಂಗೆ?" ಎಂದು ಅವರ ಸಂಕೋಚ. ಮಗ ಎರಡು ದಿನ ಯೋಚಿಸಿ, ಸೋಫಾವನ್ನು ಪಶ್ಚಿಮದ ಕೋಣೆಗೆ ಸಾಗಿಸಿದನಂತೆ. ಮೇ ತಿಂಗಳಲ್ಲಿ ತೋರಿಸಲು ಬಂದಾಗ ತಲೆಸುತ್ತು ಇರಲಿಲ್ಲ. ಸೊಸೆ ಒಂದು ದೂರು ತಂದಿದ್ದಳು. ನೆಂಟರು ಬಂದರೆ ಆ ಕೋಣೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ, ಕಾಫಿ ಕುಡಿದು ಎದ್ದುಬಿಡುತ್ತಾರೆ ಎಂದಳು. ತಾರಸಿಗೆ ಸುಣ್ಣ ಬಳಿಸಲು ಆ ಭಾನುವಾರವೇ ಆಳು ಹೇಳಿದ್ದಾರಂತೆ.